ಗಲ್ಲುಶಿಕ್ಷೆ ಬೇಡ ಅನ್ನುವ ಯುವಜನರು ನಿಜಕ್ಕೂ ಕೇಳುತ್ತಿರುವುದೇನು?

ಅಕ್ಟೋಬರ್ 10 ಹತ್ತಿರ ಬಂತು ಅಂದರೆ ಕಾಲೇಜು ವಯಸ್ಸಿನವರ ಫೋನುಗಳಲ್ಲಿ ಒಂದೇ ಥರದ ಪೋಸ್ಟ್‌ಗಳು ಓಡಾಡತೊಡಗುತ್ತವೆ. ಒಂದು ಮೇಣದಬತ್ತಿ, ಯಾವುದೋ ದೇಶದ ಯಾವುದೋ ಕೈದಿಯ ಹೆಸರು, ಕೆಳಗೆ ಸಹಿ ಹಾಕಲು ಒಂದು ಲಿಂಕ್. ಅವತ್ತು ಮರಣದಂಡನೆ ವಿರೋಧಿ ವಿಶ್ವ ದಿನ. 2003ರಿಂದ ಪ್ರತಿ ವರ್ಷ ನಡೆದುಕೊಂಡು ಬಂದಿದೆ. ನೋಡಿದವರಲ್ಲಿ ಕೆಲವರು ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಕೊಲೆ ಮಾಡಿದವನ ಮೇಲೆ ಇಷ್ಟೊಂದು ಕಾಳಜಿ ಯಾಕೆ, ಸತ್ತವರ ಮನೆಯವರನ್ನು ಕೇಳೋರು ಯಾರು ಅಂತ.

ಸಿಟ್ಟು ಬರುವುದು ಸಹಜ. ಆದರೆ ಲೈಕ್ ಒತ್ತಿದವರಿಗೂ ಬೈದವರಿಗೂ ಎಷ್ಟೋ ಸಲ ಒಂದು ವಿಷಯ ಗೊತ್ತಿರುವುದಿಲ್ಲ. ಈ ಚಳವಳಿಯವರು "ಬಿಟ್ಟುಬಿಡಿ" ಅಂತ ಕೇಳುತ್ತಿಲ್ಲ. ಶಿಕ್ಷೆ ಕೊಡಿ, ವಾಪಸ್ ಪಡೆಯಲಾಗದ ಶಿಕ್ಷೆ ಕೊಡಬೇಡಿ ಅಂತ ಕೇಳುತ್ತಿದ್ದಾರೆ. ಅದೂ ಒಂದೇ ಏಟಿಗೆ ಆಗಬೇಕು ಅಂತಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಆ ಮೆಟ್ಟಿಲುಗಳು ಯಾವುವು ಅಂತ ಗೊತ್ತಾದರೆ ಆಮೇಲೆ ಪರವಾಗಿಯಾದರೂ ವಾದ ಮಾಡಬಹುದು, ವಿರುದ್ಧವಾಗಿಯಾದರೂ ಮಾಡಬಹುದು.

ರದ್ದು ಅಂದರೆ ಎಷ್ಟು ರದ್ದು?

ಕೋರ್ಟು ವಿಚಾರಣೆ ನಡೆಸಿ, ತಪ್ಪಿತಸ್ಥ ಅಂತ ತೀರ್ಪು ಕೊಟ್ಟು, ಆಮೇಲೆ ಸರ್ಕಾರವೇ ಆ ವ್ಯಕ್ತಿಯ ಜೀವ ತೆಗೆಯುವುದು ಮರಣದಂಡನೆ. ನೇಣು, ಗುಂಡು, ವಿಷದ ಇಂಜೆಕ್ಷನ್, ಶಿರಚ್ಛೇದ ಎಲ್ಲವೂ ಅದರ ವಿಧಾನಗಳು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಶಿಕ್ಷೆ ವಿಧಿಸುವುದು ಬೇರೆ, ಜಾರಿ ಮಾಡುವುದು ಬೇರೆ. ತೀರ್ಪು ಬಂದ ದಿನಕ್ಕೂ ಗಲ್ಲಿಗೇರಿಸುವ ದಿನಕ್ಕೂ ನಡುವೆ ಮೇಲ್ಮನವಿ ಇರುತ್ತದೆ, ಕ್ಷಮಾದಾನ ಅರ್ಜಿ ಇರುತ್ತದೆ, ಒಮ್ಮೊಮ್ಮೆ ಹತ್ತಾರು ವರ್ಷಗಳ ಕಾಯುವಿಕೆ ಇರುತ್ತದೆ. ಚಳವಳಿ ಜಾಸ್ತಿ ಕೆಲಸ ಮಾಡುವುದು ಈ ನಡುವಿನ ಜಾಗದಲ್ಲೇ.

ಇನ್ನು ರದ್ದತಿ. ಯಾವ ಅಪರಾಧಕ್ಕೂ, ಯಾವ ಕಾಲಕ್ಕೂ ಈ ಶಿಕ್ಷೆ ಇಲ್ಲ ಅಂತ ಕಾನೂನಿನಿಂದಲೇ ತೆಗೆದುಹಾಕಿದರೆ ಅದು ಪೂರ್ತಿ ರದ್ದು. ಸಾಮಾನ್ಯ ಅಪರಾಧಗಳಿಗೆ ಮಾತ್ರ ತೆಗೆದು, ಯುದ್ಧ ಅಥವಾ ತುರ್ತುಪರಿಸ್ಥಿತಿಗೆ ಬಾಗಿಲು ತೆರೆದಿಟ್ಟರೆ ಅದು ಅರ್ಧ ರದ್ದು. 2024ರ ಡಿಸೆಂಬರ್ 31ರಂದು ಜಿಂಬಾಬ್ವೆ ಮಾಡಿದ್ದು ಇದನ್ನೇ. ಮೂರನೆಯದು ವಿಚಿತ್ರ ಸ್ಥಿತಿ. ಕಾನೂನು ಪುಸ್ತಕದಲ್ಲಿ ಶಿಕ್ಷೆ ಇದೆ, ಕೋರ್ಟುಗಳು ವಿಧಿಸುತ್ತಲೂ ಇರಬಹುದು, ಆದರೆ ವರ್ಷಗಳಿಂದ ಯಾರನ್ನೂ ಕೊಂದಿಲ್ಲ. ದಕ್ಷಿಣ ಕೊರಿಯಾದಲ್ಲಿ 1997ರ ಡಿಸೆಂಬರ್ ನಂತರ ಒಬ್ಬರನ್ನೂ ಗಲ್ಲಿಗೇರಿಸಿಲ್ಲ, ಕಾನೂನು ಮಾತ್ರ ಹಾಗೇ ಇದೆ. ಇಂಥ ದೇಶಗಳನ್ನು "ಆಚರಣೆಯಲ್ಲಿ ರದ್ದು" ಅನ್ನುವ ಪಟ್ಟಿಗೆ ಸೇರಿಸುತ್ತಾರೆ.

ಇನ್ನೊಂದು ಇದೆ, ತಾತ್ಕಾಲಿಕ ತಡೆ. ಸರ್ಕಾರ ಅಥವಾ ರಾಜ್ಯಪಾಲರು "ಸದ್ಯಕ್ಕೆ ಯಾರನ್ನೂ ಕೊಲ್ಲುವುದಿಲ್ಲ" ಅಂತ ಘೋಷಿಸುವುದು. ಇದನ್ನೇ ಎಷ್ಟೋ ಜನ ರದ್ದತಿ ಅಂದುಕೊಂಡುಬಿಡುತ್ತಾರೆ. ತಡೆ ಅಂದರೆ ಸ್ವಿಚ್ ಆಫ್ ಮಾಡಿದ ಹಾಗೆ; ವೈರು ಗೋಡೆಯೊಳಗೆ ಹಾಗೇ ಇರುತ್ತದೆ, ಮುಂದೆ ಬಂದವರು ಬೆರಳು ಇಟ್ಟರೆ ಸಾಕು. ಪಾಕಿಸ್ತಾನದಲ್ಲಿ 2008ರಿಂದ ತಡೆ ಇತ್ತು. 2014ರ ಡಿಸೆಂಬರ್‌ನಲ್ಲಿ ಪೆಶಾವರದ ಶಾಲೆಯ ಮೇಲೆ ಉಗ್ರರು ದಾಳಿ ಮಾಡಿದರು. ಕೆಲವೇ ದಿನಗಳಲ್ಲಿ ತಡೆ ಎದ್ದುಹೋಯಿತು, ಮರುವರ್ಷ ಒಂದರಲ್ಲೇ 300ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. ಅಮೆರಿಕದ ಕೇಂದ್ರ ಸರ್ಕಾರವೂ 17 ವರ್ಷ ಸುಮ್ಮನಿತ್ತು. 2020ರ ಜುಲೈನಲ್ಲಿ ಮತ್ತೆ ಶುರು ಮಾಡಿ ಆರು ತಿಂಗಳಲ್ಲಿ 13 ಜನರಿಗೆ ಶಿಕ್ಷೆ ಜಾರಿ ಮಾಡಿತು. ಚಳವಳಿಯವರು ತಡೆ ಸಿಕ್ಕಿದರೂ ಮನೆಗೆ ಹೋಗುವುದಿಲ್ಲ ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಕೊನೆಯದಾಗಿ ಕಡ್ಡಾಯ ಮರಣದಂಡನೆ. ಇಂಥ ಅಪರಾಧ ಸಾಬೀತಾದರೆ ಸಾಕು, ಸಾವೇ ಶಿಕ್ಷೆ, ನ್ಯಾಯಾಧೀಶರಿಗೆ ಬೇರೆ ದಾರಿ ಇಲ್ಲ ಅಂತ ಕಾನೂನೇ ಹೇಳಿದರೆ ಅದು ಕಡ್ಡಾಯ. ಅಪರಾಧಿಯ ವಯಸ್ಸು, ಬಡತನ, ಬುದ್ಧಿಮಟ್ಟ ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಎಷ್ಟೋ ದೇಶಗಳಲ್ಲಿ ಮೊದಲ ಹೋರಾಟ ಈ "ಕಡ್ಡಾಯ" ಅನ್ನುವುದನ್ನು ಕಿತ್ತುಹಾಕುವುದು. ಮಲೇಷ್ಯಾ 2023ರಲ್ಲಿ ಅಷ್ಟನ್ನು ಮಾಡಿತು. ಮರಣದಂಡನೆ ಅಲ್ಲಿ ಇನ್ನೂ ಇದೆ, ಆದರೆ ಈಗ ನ್ಯಾಯಾಧೀಶರು ಬೇಡ ಅನ್ನಬಹುದು. ಸಾವಿರದಷ್ಟು ಕೈದಿಗಳು ತಮ್ಮ ಶಿಕ್ಷೆಯನ್ನು ಮತ್ತೆ ಪರಿಶೀಲಿಸಿ ಅಂತ ಕೇಳುವ ಅವಕಾಶವೂ ಸಿಕ್ಕಿತು.

ದೇಶಗಳು ಕಡಿಮೆ, ಸಾವು ಜಾಸ್ತಿ

1977ರಲ್ಲಿ ಮರಣದಂಡನೆಯನ್ನು ಪೂರ್ತಿ ರದ್ದು ಮಾಡಿದ್ದ ದೇಶಗಳು ಬರೀ 16. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಲೆಕ್ಕದ ಪ್ರಕಾರ 2024ರ ಕೊನೆಗೆ ಅವು 113. ಅರ್ಧ ರದ್ದು ಮಾಡಿದವು, ಆಚರಣೆಯಲ್ಲಿ ಬಿಟ್ಟವು ಎಲ್ಲ ಸೇರಿಸಿದರೆ 145. ಅಂದರೆ ಪ್ರಪಂಚದ ಮೂರರಲ್ಲಿ ಎರಡಕ್ಕಿಂತ ಹೆಚ್ಚು ದೇಶಗಳು ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಕೈಬಿಟ್ಟಿವೆ.

ಹಾಗಾದರೆ ಚಳವಳಿ ಗೆದ್ದ ಹಾಗೇ ಅಲ್ವಾ? ಅಲ್ಲ. ಅದೇ 2024ರಲ್ಲಿ ಕನಿಷ್ಠ 1,518 ಜನರಿಗೆ ಶಿಕ್ಷೆ ಜಾರಿಯಾಯಿತು. 2015ರ ನಂತರ ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ಆ ವರ್ಷ ಶಿಕ್ಷೆ ಜಾರಿ ಮಾಡಿದ್ದು ಬರೀ 15 ದೇಶಗಳು. ಅದರಲ್ಲೂ ಇರಾನ್ 972, ಸೌದಿ ಅರೇಬಿಯಾ 345, ಇರಾಕ್ 63, ಅಂದರೆ ಹತ್ತರಲ್ಲಿ ಒಂಬತ್ತು ಈ ಮೂರೇ ದೇಶಗಳದ್ದು. ಚೀನಾದ ಸಾವುಗಳು ಈ 1,518ರಲ್ಲಿ ಸೇರಿಲ್ಲ. ಅಲ್ಲಿ ಇದು ಸರ್ಕಾರಿ ರಹಸ್ಯ. ವರ್ಷಕ್ಕೆ ಸಾವಿರಾರು ಇರಬಹುದು ಅಂತ ಆಮ್ನೆಸ್ಟಿ ಹೇಳುತ್ತದೆ.

ವಿಶ್ವಸಂಸ್ಥೆಯಲ್ಲೂ ಇದರ ಮೇಲೆ ಮತದಾನ ನಡೆಯುತ್ತದೆ. "ಮರಣದಂಡನೆಗೆ ತಾತ್ಕಾಲಿಕ ತಡೆ ಹಾಕಿ" ಅನ್ನುವ ನಿರ್ಣಯ 2007ರಲ್ಲಿ ಮೊದಲ ಸಲ ಬಂದಾಗ ಪರವಾಗಿ ಬಿದ್ದದ್ದು 104 ಮತ. 2024ರ ಡಿಸೆಂಬರ್‌ನಲ್ಲಿ 130. ವಿರುದ್ಧ 32, ಯಾವ ಕಡೆಗೂ ಇಲ್ಲದವರು 22. ಈ ನಿರ್ಣಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಕಟ್ಟಿಹಾಕುವಂಥದ್ದು ಬೇರೆ ಇದೆ, 1989ರ ಒಂದು ಒಪ್ಪಂದ. ಅದಕ್ಕೆ ಸೇರಿದ ದೇಶ ತನ್ನ ನೆಲದಲ್ಲಿ ಯಾರಿಗೂ ಮರಣದಂಡನೆ ಜಾರಿ ಮಾಡುವ ಹಾಗಿಲ್ಲ. ಚಳವಳಿಯ ಪೋಸ್ಟರುಗಳಲ್ಲಿ "ಒಪ್ಪಂದಕ್ಕೆ ಸಹಿ ಹಾಕಿ" ಅಂತ ಸರ್ಕಾರಗಳಿಗೆ ಹೇಳುವುದು ಇದನ್ನೇ.

ಯುವಕರಿಗೆ ಯಾಕೆ ಇದು ಅಷ್ಟು ತಟ್ಟುತ್ತದೆ?

ಇದು ಹೊಸ ಕಾಲದ ಹುಡುಗರ ಫ್ಯಾಷನ್ ಅನ್ನುವವರಿದ್ದಾರೆ. ಈ ವಾದವನ್ನು ಮೊದಲ ಸಲ ಸರಿಯಾಗಿ ಜೋಡಿಸಿ ಬರೆದವನಿಗೂ ಆಗ 26 ವರ್ಷ ಅಷ್ಟೇ. ಇಟಲಿಯ ಮಿಲಾನ್‌ನ ಚೆಸಾರೆ ಬೆಕಾರಿಯಾ, 1764ರಲ್ಲಿ ಬರೆದ ಸಣ್ಣ ಪುಸ್ತಕ. ಶಿಕ್ಷೆ ಎಷ್ಟು ಕ್ರೂರ ಅನ್ನುವುದಕ್ಕಿಂತ ಎಷ್ಟು ಖಚಿತವಾಗಿ, ಎಷ್ಟು ಬೇಗ ಸಿಗುತ್ತದೆ ಅನ್ನುವುದೇ ಅಪರಾಧ ತಡೆಯುತ್ತದೆ ಅಂತ ಅವನ ವಾದ. ಅದನ್ನು ಓದಿದವರಲ್ಲಿ ಟಸ್ಕನಿಯ ದೊರೆ ಲಿಯೊಪೋಲ್ಡ್ ಕೂಡ ಒಬ್ಬ. 1786ರ ನವೆಂಬರ್ 30ರಂದು ಅವನು ತನ್ನ ರಾಜ್ಯದಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿದ. ಈಗ ಪ್ರತಿ ವರ್ಷ ಆ ದಿನ ಪ್ರಪಂಚದ ನೂರಾರು ನಗರಗಳು ತಮ್ಮ ಹೆಸರಾಂತ ಕಟ್ಟಡಗಳಿಗೆ ದೀಪ ಹಾಕುತ್ತವೆ. ರೋಮಿನ ಕೊಲೊಸಿಯಂ ಅದರಲ್ಲಿ ಒಂದು.

ಇನ್ನೊಂದು ಕಾರಣ ವಯಸ್ಸಿನ ಗೆರೆ. ಅಪರಾಧ ನಡೆದಾಗ 18 ತುಂಬಿರದವರಿಗೆ ಮರಣದಂಡನೆ ಕೊಡಬಾರದು ಅಂತ ಅಂತರರಾಷ್ಟ್ರೀಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದಲ್ಲೂ ಇದೆ, 1989ರ ಮಕ್ಕಳ ಹಕ್ಕುಗಳ ಒಪ್ಪಂದದಲ್ಲೂ ಇದೆ. ಇಲ್ಲಿ ಲೆಕ್ಕಕ್ಕೆ ಬರುವುದು ಅಪರಾಧದ ದಿನದ ವಯಸ್ಸು, ಗಲ್ಲಿಗೇರಿಸುವ ದಿನದ್ದಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದುಕೊಳ್ಳುತ್ತಾರೆ. 17ರಲ್ಲಿ ಮಾಡಿದ ತಪ್ಪಿಗೆ 25ರಲ್ಲಿ ಗಲ್ಲಿಗೇರಿಸಿದರೂ ಅದು ನಿಯಮ ಮುರಿದ ಹಾಗೇ. ಇರಾನ್ ಈ ಎರಡೂ ಒಪ್ಪಂದಗಳಿಗೆ ಸೇರಿದೆ, ಆದರೂ ಇಂಥ ಪ್ರಕರಣಗಳು ಅಲ್ಲಿಂದ ಮತ್ತೆ ಮತ್ತೆ ಬರುತ್ತಿವೆ. ಅಲ್ಲಿನ ಕಾನೂನಿನಲ್ಲಿ ಅಪರಾಧದ ಹೊಣೆ ಹುಡುಗಿಯರಿಗೆ ಚಾಂದ್ರಮಾನ ಲೆಕ್ಕದ 9ಕ್ಕೆ, ಹುಡುಗರಿಗೆ 15ಕ್ಕೆ ಶುರುವಾಗುತ್ತದೆ.

ಅಮೆರಿಕದಲ್ಲಿ ಈ ಗೆರೆ ಬಂದದ್ದು ತೀರಾ ಇತ್ತೀಚೆಗೆ. 1944ರಲ್ಲಿ ಸೌತ್ ಕೆರೊಲಿನಾ ರಾಜ್ಯ ಜಾರ್ಜ್ ಸ್ಟಿನ್ನಿ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದಿತು. ಇಬ್ಬರು ಬಿಳಿಯ ಹುಡುಗಿಯರನ್ನು ಕೊಂದ ಆರೋಪ. ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಎಲ್ಲರೂ ಬಿಳಿಯರೇ ಇದ್ದ ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ಸಾಮಾನ್ಯ ನಾಗರಿಕರ ಗುಂಪು, ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬಂತು. ಮೇಲ್ಮನವಿ ಹೋಗಲೇ ಇಲ್ಲ. ಕೊಲೆ ನಡೆದ ಮೂರು ತಿಂಗಳೊಳಗೆ ಹುಡುಗ ಸತ್ತಿದ್ದ. ಎಪ್ಪತ್ತು ವರ್ಷ ಆದ ಮೇಲೆ, 2014ರ ಡಿಸೆಂಬರ್‌ನಲ್ಲಿ, ನ್ಯಾಯಾಧೀಶೆಯೊಬ್ಬರು ಆ ತೀರ್ಪನ್ನು ರದ್ದು ಮಾಡಿದರು. ವಿಚಾರಣೆ ವಿಚಾರಣೆಯ ಹಾಗೆ ನಡೆದಿರಲೇ ಇಲ್ಲ ಅನ್ನುವುದೇ ಕಾರಣ.

2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 18ರ ಗೆರೆ ಎಳೆಯಿತು, ಅದೂ 5-4ರ ಅಂತರದಲ್ಲಿ. ಹರೆಯದವರಿಗೆ ಮಾಗಿದ ವಿವೇಕ ಇರುವುದಿಲ್ಲ, ಜೊತೆಗಾರರ ಒತ್ತಡಕ್ಕೆ ಬೇಗ ಬೀಳುತ್ತಾರೆ, ಅವರ ಸ್ವಭಾವ ಇನ್ನೂ ಗಟ್ಟಿಯಾಗಿರುವುದಿಲ್ಲ ಅಂತ ಕೋರ್ಟು ಹೇಳಿತು. ಚಳವಳಿಯವರ ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು: 18ನೇ ಹುಟ್ಟುಹಬ್ಬದ ಮರುದಿನ ಇದೆಲ್ಲ ಬದಲಾಗಿಬಿಡುತ್ತದಾ? ಅಲ್ಲಿನ ವಕೀಲರ ಸಂಘ ಅಮೆರಿಕನ್ ಬಾರ್ ಅಸೋಸಿಯೇಷನ್ 2018ರಲ್ಲಿ, 21 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಅಪರಾಧ ಮಾಡಿದವರಿಗೆ ಈ ಶಿಕ್ಷೆ ಬೇಡ ಅಂತ ನಿರ್ಣಯ ಮಾಡಿತು. ಪೋಸ್ಟರ್ ಹಿಡಿದವರಲ್ಲಿ ಬಹಳಷ್ಟು ಜನ ಇದೇ ವಯಸ್ಸಿನವರು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಕೋರ್ಟು ತಪ್ಪು ಮಾಡಿದರೆ?

ಇಡೀ ಚಳವಳಿಯಲ್ಲಿ ಅತಿ ಗಟ್ಟಿ ವಾದ ಇದು. ಶಿಕ್ಷೆಗಿಂತ ಮೊದಲು ತನಿಖೆ ಇದೆ, ತನಿಖೆ ಮಾಡುವವರು ಮನುಷ್ಯರು.

ಜಪಾನಿನ ಇವಾವೊ ಹಕಮಾಡಾ ಒಂದು ಕಾಲದ ಬಾಕ್ಸರ್. ಆಮೇಲೆ ಮಿಸೋ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಿಸೋ ಅಂದರೆ ಸೋಯಾ ಕಾಳು ಹುದುಗಿಸಿ ಮಾಡುವ ದಪ್ಪನೆಯ ಹಿಟ್ಟಿನಂಥ ಪದಾರ್ಥ, ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಇಡುತ್ತಾರೆ. 1966ರಲ್ಲಿ ಆ ಕಂಪನಿಯ ಅಧಿಕಾರಿಯೊಬ್ಬ, ಅವನ ಹೆಂಡತಿ, ಇಬ್ಬರು ಮಕ್ಕಳು, ಹೀಗೆ ನಾಲ್ಕು ಜನರ ಕೊಲೆಯಾಯಿತು. ಪೊಲೀಸರು ಹಕಮಾಡಾನನ್ನು ದಿನಗಟ್ಟಲೆ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಕೋರ್ಟಿಗೆ ಬಂದ ಮೇಲೆ ಅವನು, ಹೊಡೆದು ಬಡಿದು ಹೇಳಿಸಿದ್ದು ಅಂದ. ಕೊಲೆಯಾಗಿ ವರ್ಷ ದಾಟಿದ ಮೇಲೆ, ವಿಚಾರಣೆ ನಡೆಯುತ್ತಿದ್ದಾಗಲೇ, ಮಿಸೋ ತೊಟ್ಟಿಯೊಳಗೆ ರಕ್ತದ ಕಲೆ ಇದ್ದ ಬಟ್ಟೆಗಳು ಸಿಕ್ಕಿದವು! ಅವೇ ಮುಖ್ಯ ಸಾಕ್ಷಿಯಾದವು. 1968ರಲ್ಲಿ ಗಲ್ಲುಶಿಕ್ಷೆ.

ಆ ಬಟ್ಟೆಗಳ ಮೇಲಿನ ಕಲೆ ಇನ್ನೂ ಕೆಂಪಗಿತ್ತು. ವರ್ಷಕ್ಕಿಂತ ಹೆಚ್ಚು ಕಾಲ ಮಿಸೋದಲ್ಲಿ ಮುಳುಗಿದ್ದ ರಕ್ತ ಕೆಂಪಗೆ ಉಳಿಯುತ್ತದಾ? ಅವನ ಪರ ಇದ್ದವರು ಸುಮ್ನೆ ವಾದ ಮಾಡುತ್ತ ಕೂರಲಿಲ್ಲ. ರಕ್ತ ಹಚ್ಚಿದ ಬಟ್ಟೆಗಳನ್ನು ತಾವೇ ಮಿಸೋದಲ್ಲಿ ಹೂತಿಟ್ಟು, ಕಾದು, ತೆಗೆದು ನೋಡಿದರು. ಕಲೆ ಕಪ್ಪಾಗಿತ್ತು. ಇಂಥ ಪ್ರಯೋಗಗಳು, ಡಿಎನ್‌ಎ ಪರೀಕ್ಷೆ, ಅಕ್ಕ ಹಿಡೆಕೊ ಬಿಡದೆ ನಡೆಸಿದ ಹೋರಾಟ ಎಲ್ಲ ಸೇರಿ 2014ರಲ್ಲಿ ಅವನು ಜೈಲಿನಿಂದ ಹೊರಗೆ ಬಂದ. 2024ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಖುಲಾಸೆ ಮಾಡಿತು. ಆ ಬಟ್ಟೆಯ ಸಾಕ್ಷಿಯನ್ನು ತನಿಖೆ ಮಾಡಿದವರೇ ಸೃಷ್ಟಿಸಿದ್ದು ಅಂತಲೂ ಹೇಳಿತು. ಅಷ್ಟರಲ್ಲಿ ಅವನಿಗೆ 88 ವರ್ಷ. ಜಪಾನಿನಲ್ಲಿ ಗಲ್ಲು ಕೈದಿಗೆ ಸುದ್ದಿ ಕೊಡುವುದು ಅದೇ ದಿನ ಬೆಳಿಗ್ಗೆ. ಹಾಗಾಗಿ ಪ್ರತಿ ಬೆಳಿಗ್ಗೆಯೂ ಅವನಿಗೆ ಕೊನೆಯದಾಗಬಹುದಿತ್ತು. ಅವನ ಮಾನಸಿಕ ಆರೋಗ್ಯ ಪೂರ್ತಿ ಕೆಟ್ಟುಹೋಗಿದ್ದು ಆಶ್ಚರ್ಯವಲ್ಲ.

ಅಮೆರಿಕದ ಇಲಿನಾಯ್ ರಾಜ್ಯದ ಕಥೆಯಲ್ಲಿ ವಿದ್ಯಾರ್ಥಿಗಳೇ ಇದ್ದಾರೆ. 1978ರಲ್ಲಿ ಒಂದು ಜೋಡಿಯ ಕೊಲೆಗೆ ನಾಲ್ವರು ಕಪ್ಪು ಯುವಕರನ್ನು ಹಿಡಿದರು, ಇಬ್ಬರಿಗೆ ಮರಣದಂಡನೆಯಾಯಿತು. 1996ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೂವರು ಪತ್ರಿಕೋದ್ಯಮ ವಿದ್ಯಾರ್ಥಿನಿಯರು ತರಗತಿಯ ಕೆಲಸವಾಗಿ ಈ ಕೇಸಿನ ಹಳೆ ಕಡತಗಳನ್ನು ಕೆದಕಿದರು. ಕೊಲೆಯಾದ ಒಂದು ವಾರದೊಳಗೇ ಒಬ್ಬ ಸಾಕ್ಷಿ ಬೇರೆ ನಾಲ್ವರ ಹೆಸರು ಹೇಳಿದ್ದ. ಪೊಲೀಸರು ಅದನ್ನು ಬರೆದುಕೊಂಡು ಅಲ್ಲೇ ಬಿಟ್ಟಿದ್ದರು. ಡಿಎನ್‌ಎ ಪರೀಕ್ಷೆಯೂ ಸೇರಿ, 18 ವರ್ಷದ ನಂತರ ನಾಲ್ವರೂ ಹೊರಗೆ ಬಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ತರಗತಿ 1999ರಲ್ಲಿ ಇನ್ನೊಬ್ಬ ಗಲ್ಲು ಕೈದಿಯ ಬಿಡುಗಡೆಗೂ ಕಾರಣವಾಯಿತು. ಆದರೆ ಆ ಕೇಸಿನಲ್ಲಿ ಬೇರೊಬ್ಬನಿಂದ ತಪ್ಪೊಪ್ಪಿಗೆ ಪಡೆದ ರೀತಿ ಸರಿ ಇರಲಿಲ್ಲ ಅಂತ ಆಮೇಲೆ ದೊಡ್ಡ ತಕರಾರು ಎದ್ದಿತು, ಆ ಬೇರೊಬ್ಬನನ್ನೂ 2014ರಲ್ಲಿ ಬಿಡುಗಡೆ ಮಾಡಬೇಕಾಯಿತು. ಉತ್ಸಾಹ ಪುರಾವೆಯ ಜಾಗಕ್ಕೆ ಬರುವ ಅಪಾಯ ಪೊಲೀಸರಿಗೆ ಮಾತ್ರ ಅಲ್ಲ, ಚಳವಳಿಗೂ ಇದೆ. ಏನೇ ಇರಲಿ, ಇಂಥ ಕೇಸುಗಳು ಸಾಲುಸಾಲಾಗಿ ಹೊರಬಂದ ಮೇಲೆ ರಾಜ್ಯಪಾಲ ಜಾರ್ಜ್ ರಯಾನ್ 2000ದಲ್ಲಿ ತಡೆ ಘೋಷಿಸಿದರು. ಅದಕ್ಕೂ ಮುಂಚೆ ಅವರು ಮರಣದಂಡನೆಯ ಪರ ಇದ್ದವರು. 2011ರಲ್ಲಿ ಇಲಿನಾಯ್ ಅದನ್ನು ರದ್ದೇ ಮಾಡಿತು. ಇಡೀ ಅಮೆರಿಕದಲ್ಲಿ 1973ರಿಂದ 2024ರವರೆಗೆ ಮರಣದಂಡನೆ ವಿಧಿಸಿದ ಮೇಲೆ ನಿರ್ದೋಷಿ ಅಂತ ಹೊರಬಂದವರು 200 ಜನ.

ಸಹಿ ಹಾಕಿದರೆ ನಿಜಕ್ಕೂ ಏನಾದರೂ ಆಗುತ್ತದಾ?

ಜಾಸ್ತಿ ಜನ ಕೇಳುವ ಪ್ರಶ್ನೆ. ಎಲ್ಲಿಗೆ ಸಹಿ ಹಾಕುತ್ತೀರಿ ಅನ್ನುವುದರ ಮೇಲೆ ಇದೆ. ನ್ಯಾಯಾಧೀಶರು ಸಹಿ ಎಣಿಸಿ ತೀರ್ಪು ಕೊಡುವುದಿಲ್ಲ, ಕೊಡಲೂಬಾರದು. ಆದರೆ ಕ್ಷಮಾದಾನ ಕೊಡುವುದು ಕೋರ್ಟಲ್ಲ. ರಾಷ್ಟ್ರಪತಿ, ರಾಜ್ಯಪಾಲ, ದೊರೆ, ಸಚಿವ ಸಂಪುಟ, ಹೀಗೆ ರಾಜಕೀಯ ಅಧಿಕಾರ ಇರುವವರು. ಅವರಿಗೆ ಜನರ ಮಾತು ಕೇಳಿಸುತ್ತದೆ, ಬೇರೆ ದೇಶಗಳ ಮಾತೂ ಕೇಳಿಸುತ್ತದೆ. ಅದಕ್ಕೇ ಯುವಜನರ ಪತ್ರ, ಅರ್ಜಿ, ಹ್ಯಾಷ್‌ಟ್ಯಾಗ್ ಎಲ್ಲ ಹೋಗುವುದು ಬಹುತೇಕ ಆ ಕಡೆಗೇ.

ಯಾಂಗ್ ವುಯಿ ಕಾಂಗ್ ಪ್ರಕರಣ ನೋಡಿ. ಮಲೇಷ್ಯಾದ ಸಬಾ ಕಡೆಯ ಹುಡುಗ. 2007ರಲ್ಲಿ ಸಿಂಗಪುರದಲ್ಲಿ 47 ಗ್ರಾಂ ಹೆರಾಯಿನ್ ಜೊತೆ ಸಿಕ್ಕಿಬಿದ್ದಾಗ 19 ವರ್ಷ. ಅಲ್ಲಿ 15 ಗ್ರಾಂ ದಾಟಿದರೆ ಮರಣದಂಡನೆ ಆಗ ಕಡ್ಡಾಯವಾಗಿತ್ತು. ಎರಡೂ ದೇಶಗಳಲ್ಲಿ ಅವನಿಗಾಗಿ ಚಳವಳಿ ಎದ್ದಿತು. ಲಕ್ಷಕ್ಕೂ ಹೆಚ್ಚು ಸಹಿಗಳ ಅರ್ಜಿಯನ್ನು ಮನೆಯವರು ಸಿಂಗಪುರದ ಅಧ್ಯಕ್ಷರಿಗೆ ಕೊಟ್ಟರು. ವಕೀಲರು ಕೋರ್ಟಿನಲ್ಲಿ ಒಂದಾದ ಮೇಲೆ ಒಂದು ಅರ್ಜಿ ಹಾಕಿದರು. ಈ ಎಲ್ಲದರಿಂದ ಅವನಿಗೆ ಸಿಕ್ಕಿದ್ದು ಸಮಯ. ಆ ಸಮಯದೊಳಗೆ, 2012ರಲ್ಲಿ, ಸಿಂಗಪುರ ಕಾನೂನು ತಿದ್ದಿತು. ಮಾಲು ಬರೀ ಸಾಗಿಸಿದವರು, ತನಿಖೆಗೆ ಸಹಕರಿಸಿದ್ದರೆ, ಜೀವಾವಧಿ ಕೊಡಬಹುದು ಅಂತಾಯಿತು. 2013ರ ನವೆಂಬರ್‌ನಲ್ಲಿ ಅವನ ಶಿಕ್ಷೆ ಜೀವಾವಧಿ ಮತ್ತು 15 ಬೆತ್ತದೇಟಿಗೆ ಇಳಿಯಿತು.

ಎಲ್ಲ ಸಲ ಹೀಗಾಗುವುದಿಲ್ಲ. ಅದೇ ಸಿಂಗಪುರದಲ್ಲಿ ನಾಗೇಂದ್ರನ್ ಧರ್ಮಲಿಂಗಂ ಪರವಾಗಿ ಪ್ರಪಂಚದ ಎಲ್ಲೆಡೆಯಿಂದ ಮನವಿಗಳು ಬಂದವು. ಅವನ ಬುದ್ಧಿಮಟ್ಟದ ಅಂಕ 69 ಅಂತ ವೈದ್ಯರ ವರದಿಯೂ ಇತ್ತು. 2022ರ ಏಪ್ರಿಲ್‌ನಲ್ಲಿ ಅವನನ್ನು ನೇಣಿಗೇರಿಸಿದರು.

ಇರಾನಿನದ್ದು ಬೇರೆಯೇ ಥರ. 2019ರ ಪ್ರತಿಭಟನೆಗಳಲ್ಲಿ ಸಿಕ್ಕಿಬಿದ್ದ ಮೂವರು ಯುವಕರ ಗಲ್ಲುಶಿಕ್ಷೆ ಖಾಯಂ ಆಯಿತು ಅಂತ 2020ರ ಜುಲೈನಲ್ಲಿ ಸುದ್ದಿ ಬಂತು. ಬೀದಿಗೆ ಇಳಿಯುವ ಹಾಗಿರಲಿಲ್ಲ. ಜನ ಟ್ವಿಟರ್‌ಗೆ ಇಳಿದರು. "ಗಲ್ಲಿಗೇರಿಸಬೇಡಿ" ಅನ್ನುವ ಪರ್ಷಿಯನ್ ಭಾಷೆಯ ಹ್ಯಾಷ್‌ಟ್ಯಾಗ್ ಲಕ್ಷಗಟ್ಟಲೆ ಸಲ ಹಾರಾಡಿತು. ಕೆಲವೇ ದಿನಗಳಲ್ಲಿ ಶಿಕ್ಷೆಗೆ ತಡೆ ಬಂತು, ಮರುವಿಚಾರಣೆಯೂ ಸಿಕ್ಕಿತು. ಎರಡು ವರ್ಷದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಹೊಸ ಪ್ರತಿಭಟನೆಗಳ ಸಮಯದಲ್ಲಿ ಇಬ್ಬರು ಯುವಕರನ್ನು ಬಂಧಿಸಿದ ಮೂರೇ ತಿಂಗಳೊಳಗೆ ಗಲ್ಲಿಗೇರಿಸಲಾಯಿತು. ಆಗ ಚಳವಳಿಗೆ ಸಮಯವೇ ಸಿಗಲಿಲ್ಲ. 2024ರ ಜನವರಿಯಿಂದ ಅಲ್ಲಿನ ಜೈಲುಗಳ ಒಳಗಿರುವವರೇ ಪ್ರತಿ ಮಂಗಳವಾರ ಉಪವಾಸ ಕೂರುತ್ತಿದ್ದಾರೆ. ಒಂದು ಜೈಲಿನಲ್ಲಿ ಶುರುವಾದದ್ದು ಹತ್ತಾರು ಜೈಲುಗಳಿಗೆ ಹಬ್ಬಿದೆ.

ಸದ್ದು ಮಾಡದ ಕೆಲಸವೂ ಇದೆ. ಭಾರತದಲ್ಲಿ 1980ರಿಂದ "ಅಪರೂಪದಲ್ಲಿ ಅಪರೂಪದ" ಪ್ರಕರಣಕ್ಕೆ ಮಾತ್ರ ಗಲ್ಲು ಅನ್ನುವ ನಿಯಮ ಇದೆ. ಆದರೆ ಗಲ್ಲುಶಿಕ್ಷೆಯಾಗಿ ಜೈಲಿನಲ್ಲಿ ಯಾರಿದ್ದಾರೆ ಅಂತ ಯಾರೂ ಸರಿಯಾಗಿ ಎಣಿಸಿರಲಿಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದೇಶದ ಜೈಲುಗಳಿಗೆ ಹೋಗಿ ಕೈದಿಗಳನ್ನೂ ಅವರ ಮನೆಯವರನ್ನೂ ಮಾತನಾಡಿಸಿದರು. 385 ಕೈದಿಗಳಲ್ಲಿ 373 ಜನ ಮಾತಿಗೆ ಸಿಕ್ಕಿದರು. 2016ರಲ್ಲಿ ವರದಿ ಬಂದಾಗ ಗೊತ್ತಾದದ್ದು, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಬಡತನದಲ್ಲಿದ್ದವರು. ಬಡವರೇ ಕೊಲೆ ಮಾಡುತ್ತಾರೆ ಅಂತ ಇದರ ಅರ್ಥ ಅಲ್ಲ. ಒಳ್ಳೆ ವಕೀಲರು ಸಿಗುವುದು ಯಾರಿಗೆ ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಗಲ್ಲು ವಿಧಿಸುವ ಮುನ್ನ ಅಪರಾಧಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನ ನಡತೆಯ ವರದಿಗಳನ್ನು ತರಿಸಿಕೊಂಡು ನೋಡಬೇಕು ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿತು. ನನ್ನನ್ನು ಕೇಳಿದರೆ ಮೇಣದಬತ್ತಿಗಿಂತ ಇಂಥ ಎಣಿಕೆಯ ಕೆಲಸಕ್ಕೇ ಜಾಸ್ತಿ ತಾಳಿಕೆ.

ಗಲ್ಲಿನ ಭಯ ಇಲ್ಲದಿದ್ದರೆ ಕೊಲೆ ಜಾಸ್ತಿಯಾಗುವುದಿಲ್ವಾ?

ಕೇಳಿದರೆ ಸರಿ ಅನ್ನಿಸುವ ವಾದ. ಆದರೆ ಪರೀಕ್ಷಿಸುವುದು ಕಷ್ಟ, ಯಾಕೆಂದರೆ ನಡೆಯದೆ ಹೋದ ಕೊಲೆಗಳನ್ನು ಎಣಿಸಲಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮೂರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ 2012ರಲ್ಲಿ ಹೇಳಿದ್ದು ಇಷ್ಟು: ಮರಣದಂಡನೆಯಿಂದ ಕೊಲೆ ಕಡಿಮೆಯಾಗುತ್ತದೆ, ಜಾಸ್ತಿಯಾಗುತ್ತದೆ, ಏನೂ ಆಗುವುದಿಲ್ಲ, ಈ ಮೂರರಲ್ಲಿ ಯಾವುದನ್ನೂ ಈ ಅಧ್ಯಯನಗಳಿಂದ ತೀರ್ಮಾನಿಸಲು ಬರುವುದಿಲ್ಲ. ನೀತಿ ರೂಪಿಸಲು ಇವನ್ನು ಬಳಸಬೇಡಿ.

ಚಳವಳಿಯವರು ಕೆನಡಾದ ಅಂಕಿ ತೋರಿಸುತ್ತಾರೆ. 1976ರಲ್ಲಿ ಅಲ್ಲಿ ಸಾಮಾನ್ಯ ಅಪರಾಧಗಳಿಗೆ ರದ್ದಾಯಿತು. ಅದರ ಹಿಂದಿನ ವರ್ಷ ಲಕ್ಷ ಜನಕ್ಕೆ 3.09 ಇದ್ದ ಕೊಲೆ ಪ್ರಮಾಣ 1980ಕ್ಕೆ 2.41ಕ್ಕೆ ಇಳಿದಿತ್ತು. ರದ್ದು ಮಾಡಿದ್ದಕ್ಕೇ ಇಳಿಯಿತು ಅಂದರೆ ಅದೂ ತಪ್ಪಾಗುತ್ತದೆ. ರದ್ದು ಮಾಡಿದ ಕೂಡಲೇ ಕೊಲೆ ಏರಿಬಿಡುತ್ತದೆ ಅನ್ನುವ ಹೆದರಿಕೆ ಅಲ್ಲಿ ನಿಜವಾಗಲಿಲ್ಲ, ಅಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಜನರೇ ಬೇಕು ಅಂದರೆ? ಸತ್ತವರ ಮನೆಯವರು?

ಜನಮತ ಎಷ್ಟೋ ಕಡೆ ಚಳವಳಿಯ ವಿರುದ್ಧವೇ ಇದೆ. ಫ್ರಾನ್ಸ್ 1981ರಲ್ಲಿ ರದ್ದು ಮಾಡಿದಾಗಲೂ ಸಮೀಕ್ಷೆಗಳಲ್ಲಿ ಹೆಚ್ಚಿನವರು ಮರಣದಂಡನೆಯ ಪರ ಇದ್ದರು. ಆಗಿನ ಕಾನೂನು ಸಚಿವ ರಾಬರ್ಟ್ ಬಾದಿಂಟೆರ್ ಸಂಸತ್ತಿನ ಮುಂದೆ ನಿಂತು ಅದನ್ನು ಪಾಸು ಮಾಡಿಸಿದರು. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ಪ್ರಕಾರ 1994ರಲ್ಲಿ ಶೇ 80 ಜನ ಪರ ಇದ್ದರು, 2024ರಲ್ಲಿ ಶೇ 53. ಅತಿ ಕಿರಿಯ ಪೀಳಿಗೆಯಲ್ಲಿ ಬೆಂಬಲ ಶೇ 42. ಅಂದರೆ ಕಿರಿಯರಲ್ಲೂ ಹತ್ತರಲ್ಲಿ ನಾಲ್ವರು ಗಲ್ಲು ಬೇಕು ಅನ್ನುವವರೇ. ಯುವಜನ ಅಂದಮಾತ್ರಕ್ಕೆ ಎಲ್ಲರೂ ಒಂದೇ ಕಡೆ ಇದ್ದಾರೆ ಅಂದುಕೊಳ್ಳಬೇಕಾಗಿಲ್ಲ.

ಕೊಲೆಯಾದವರ ಮನೆಯವರ ನೋವಿಗೆ ಚಳವಳಿಯವರ ಹತ್ತಿರ ಸಿದ್ಧ ಉತ್ತರ ಇಲ್ಲ, ಇದೆ ಅಂತ ಹೇಳುವವರನ್ನು ನಂಬಬೇಡಿ. ಗಲ್ಲಾದರೆ ಮಾತ್ರ ನ್ಯಾಯ ಅನ್ನುವ ಕುಟುಂಬಗಳು ಇವೆ. ನಮ್ಮ ಮಗಳ ಹೆಸರಿನಲ್ಲಿ ಇನ್ನೊಂದು ಸಾವು ಬೇಡ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1976ರಿಂದಲೂ ಇಂಥ ಕುಟುಂಬಗಳದ್ದೇ ಸಂಘಟನೆ ಇದೆ. ಎರಡು ದಶಕ ಮೇಲ್ಮನವಿ ನಡೆಯುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಫೋಟೊ, ಅದೇ ಸಾಕ್ಷಿ ಕೇಳಬೇಕು ಅನ್ನುವುದು ಅವರ ದೂರು. ಇನ್ನೊಂದು ಗುಂಪನ್ನು ಯಾರೂ ನೆನೆಸಿಕೊಳ್ಳುವುದಿಲ್ಲ, ಗಲ್ಲು ಕೈದಿಗಳ ಮಕ್ಕಳು. 2019ರ ವಿಶ್ವ ದಿನವನ್ನು ಅವರ ಬಗ್ಗೆಯೇ ಆಚರಿಸಲಾಯಿತು.

ಗಲ್ಲು ಬೇಡ, ಸರಿ. ಬದಲಿಗೆ ಏನು?

ಚಳವಳಿಯ ಒಳಗೇ ಜಗಳ ಇರುವುದು ಇಲ್ಲಿ. ಒಂದು ಬಣ ಹೇಳುತ್ತದೆ: ಸಾಯುವವರೆಗೂ ಜೈಲು, ಪೆರೋಲ್ (ಷರತ್ತಿನ ಮೇಲೆ ಅವಧಿಗೆ ಮುಂಚಿನ ಬಿಡುಗಡೆ) ಇಲ್ಲ, ಬಿಡುಗಡೆಯ ಮಾತೇ ಇಲ್ಲ. ಹೀಗೆಂದರೆ ಜನರನ್ನು ಒಪ್ಪಿಸುವುದು ಸುಲಭ, ತಪ್ಪು ಗೊತ್ತಾದರೆ ಬಾಗಿಲು ತೆರೆಯಲೂಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ರದ್ದತಿ ಪಾಸಾದದ್ದು ಈ ಭರವಸೆಯ ಮೇಲೇ. ಅಧ್ಯಕ್ಷ ಬೈಡನ್ 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ 40 ಗಲ್ಲು ಕೈದಿಗಳಲ್ಲಿ 37 ಜನರ ಶಿಕ್ಷೆ ಇಳಿಸಿದಾಗಲೂ ಕೊಟ್ಟದ್ದು ಇದನ್ನೇ.

ಇನ್ನೊಂದು ಬಣಕ್ಕೆ ಇದು ಹಗ್ಗ ಇಲ್ಲದ ಗಲ್ಲು. ಅದರಲ್ಲಿ ಕಿರಿಯರೇ ಜಾಸ್ತಿ ಕಾಣುತ್ತಾರೆ. ಅವರು ತೋರಿಸುವುದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 2013ರ ತೀರ್ಪನ್ನು. ಬ್ರಿಟನ್ನಿನ ಮೂವರು ಜೀವಾವಧಿ ಕೈದಿಗಳು ಹಾಕಿದ ಕೇಸು ಅದು. ಜೀವಾವಧಿ ಶಿಕ್ಷೆ ಕೊಡಬಹುದು, ಆದರೆ ಎಂದಾದರೂ ಒಂದು ದಿನ ಆ ಶಿಕ್ಷೆಯನ್ನು ಮತ್ತೆ ಪರಿಶೀಲಿಸುವ ದಾರಿ ಇರಲೇಬೇಕು, ಅದೂ ಇಲ್ಲದಿದ್ದರೆ ಅಮಾನವೀಯ ಅಂತ ಕೋರ್ಟು ಹೇಳಿತು. ಪರಿಶೀಲನೆ ಅಂದರೆ ಬಿಡುಗಡೆ ಅಂತಲ್ಲ. ಪರಿಶೀಲಿಸಿ "ಇಲ್ಲ, ಒಳಗೇ ಇರು" ಅಂತಲೂ ಹೇಳಬಹುದು. ಅಮೆರಿಕದಲ್ಲಿ ಈಗ ಪೆರೋಲ್ ಇಲ್ಲದ ಜೀವಾವಧಿಯಲ್ಲಿ ಇರುವವರು 50 ಸಾವಿರಕ್ಕೂ ಹೆಚ್ಚು. ಇವರ ಕೇಸುಗಳಿಗೆ ಗಲ್ಲು ಕೈದಿಗಳ ಕೇಸಿಗೆ ಸಿಗುವಷ್ಟು ವಕೀಲರೂ ಸಿಗುವುದಿಲ್ಲ, ಮೇಲ್ಮನವಿಯ ಸುತ್ತುಗಳೂ ಸಿಗುವುದಿಲ್ಲ. ಅವರ ಹೆಸರಿನಲ್ಲಿ ಅಕ್ಟೋಬರ್‌ನಲ್ಲಿ ಪೋಸ್ಟ್ ಹಾಕುವವರೂ ಕಡಿಮೆ.